ಎರವಲು ಕೊಟ್ಟ ಮಗಳು

ಪಕ್ಕದ ಮನೆಯವರು ಸಕ್ಕರೆ ಎರವಲು ಕೇಳುತ್ತಾರೆ, ಏಣಿ ಕೇಳುತ್ತಾರೆ, ನೆಂಟರು ಬಂದರೆ ನಾಲ್ಕು ಕುರ್ಚಿ ಕೇಳುತ್ತಾರೆ. ಮಗಳನ್ನೇ ಎರವಲು ಕೇಳಿದವರನ್ನು ನೀವು ಕಂಡಿದ್ದೀರಾ? ಸರ್ಕಾರಿ ಮಿಡ್ಲ್ ಸ್ಕೂಲಿನ ಹೆಡ್ಮಾಸ್ತರು ಕೇಳಿದರು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಲೆಕ್ಕದ ಟೀಚರಮ್ಮ ಟೀ ಲೋಟ ಬಾಯಿಗಿಟ್ಟಾಗಲೇ ಕೇಳಿದರು.

"ಒಂದೇ ದಿನದ ಮಟ್ಟಿಗೆ, ಟೀಚರ್. ಬೆಳಗ್ಗೆ ಕರ್ಕೊಂಡು ಬನ್ನಿ, ಸಂಜೆ ಕರ್ಕೊಂಡು ಹೋಗಿ. ಇಲಾಖೆಯವರು ಬರೋ ವಾರ ಅವಳ ಸ್ಕೂಲಿಗೆ ಹೇಗೂ ರಜ ಅಂತೆ."

"ಸರ್, ಅವಳು ಬೇರೆ ಸ್ಕೂಲಿನ ಹುಡುಗಿ."

"ಹಾಗಂತ ಹಣೆ ಮೇಲೆ ಬರ್ಕೊಂಡಿದ್ದಾಳಾ?"

ಹೆಡ್ಮಾಸ್ತರ ಕಷ್ಟ ಸುಳ್ಳಲ್ಲ. ಆ ವರ್ಷ ಇಲಾಖೆಯವರು ಶಾಲೆ ಶಾಲೆಗೂ ಹೋಗಿ, ತರಗತಿಯಲ್ಲಿ ಕೂತು, ಮಕ್ಕಳನ್ನು ಎಬ್ಬಿಸಿ ಪ್ರಶ್ನೆ ಕೇಳಿ, ಶಾಲೆಗೆ ದರ್ಜೆ ಕೊಡುತ್ತಿದ್ದರು. ಮೂರನೇ ದರ್ಜೆ ಬಂದರೆ ಶಾಲೆಗೆ ಬೀಗ. ಮಕ್ಕಳು ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ, ಟೀಚರುಗಳು ದೇವರು ನಡೆಸಿದ ಕಡೆಗೆ. ಆರನೇ ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವ ಧೈರ್ಯದ ಮಕ್ಕಳು ಒಬ್ಬಿಬ್ಬರೂ ಇರಲಿಲ್ಲ. ಟೀಚರಮ್ಮನ ಮಗಳೂ ಓದುತ್ತಿದ್ದದ್ದು ಆರನೇ ತರಗತಿಯೇ, ಅವಳು ಮಾತಿಗೆ ನಿಂತರೆ ಎದುರಿನವರು ಕೂರಲೇಬೇಕು. ಎಲ್ಲದಕ್ಕೂ 'ಯಾಕೆ' ಎನ್ನುವ ಅವಳಿಗೆ ಅಜ್ಜಿ ಇಟ್ಟ ಹೆಸರು ಲಾಯರಮ್ಮ.

ಸಂಜೆ ಟೀಚರಮ್ಮ ಮನೆಯಲ್ಲಿ ವಿಷಯ ಎತ್ತಿದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ಲಿಫ್ಟ್ ರಿಪೇರಿ ಕೆಲಸದ ಗಂಡ ಆಗಷ್ಟೇ ಬಂದು ಕೈಯ ಗ್ರೀಸು ಉಜ್ಜುತ್ತಿದ್ದ.

"ಏನು, ನಮ್ಮ ಲಾಯರಮ್ಮನ್ನ ಬಾಡಿಗೆಗೆ ಬಿಡ್ತೀಯಾ?" ಎಂದರು ಅತ್ತೆ. "ವಾಪಸ್ ಕೊಡುವಾಗ ಎಲ್ಲೂ ಗೀರು ಬಿದ್ದಿರಬಾರದು ಅಂತ ಮೊದಲೇ ಹೇಳಿಬಿಡು."

ಗಂಡ ನಗಲಿಲ್ಲ. "ಆ ಸ್ಕೂಲಿಗೆ ನಮ್ಮ ಮಗಳು ಬೇಡ ಅಂದೋಳು ಯಾರು? ನೀನೇ ತಾನೆ? 'ಅಲ್ಲಿ ಏನು ನಡಿಯತ್ತೆ ಅಂತ ನಂಗೆ ಗೊತ್ತು, ಪ್ರೈವೇಟಿಗೇ ಹಾಕೋಣ' ಅಂತ ಹಟ ಹಿಡಿದೋಳು ನೀನು. ಅದಕ್ಕೋಸ್ಕರ ನಾನು ಭಾನುವಾರವೂ ಡ್ಯೂಟಿ ಮಾಡ್ತಿದ್ದೀನಿ. ಈಗ ಅದೇ ಸ್ಕೂಲಿನ ಮಾನ ಕಾಪಾಡೋಕೆ ಅವಳೇ ಬೇಕಾ?"

"ಸ್ಕೂಲು ಮುಚ್ಚಿದರೆ ನನ್ನನ್ನ ಎಲ್ಲಿಗೆ ಎತ್ತಿ ಹಾಕ್ತಾರೋ! ಎರಡು ಬಸ್ ಬದಲಾಯಿಸೋ ಊರಿಗೆ ಹಾಕಿದರೆ? ಅತ್ತೆಗೆ ಮಂಡಿ ನೋವು, ನೀವು ಒಂದು ವಾರ ಹಗಲು, ಒಂದು ವಾರ ರಾತ್ರಿ. ಮನೆ ಯಾರು ನೋಡ್ತಾರೆ?"

"ನನ್ನ ಮಂಡೀನ ನಡುವೆ ಎಳೀಬೇಡ," ಎಂದರು ಅತ್ತೆ. ಆಮೇಲೆ ಒಂದೆರಡು ಕಾಯಿ ಮುರಿದು, "ಆದರೂ ಅವಳು ಹೇಳೋದು ನಿಜವೇ ಕಣೋ. ಬೆಳಗ್ಗೆ ಎದ್ದು ಎಲ್ಲಾರ ಡಬ್ಬಿ ಕಟ್ಟೋಕೆ ನನ್ನ ಕೈಲಾಗಲ್ಲ," ಎಂದರು.

ಲಾಯರಮ್ಮ ಮೇಜಿನ ಮೇಲೆ ಗಲ್ಲವಿಟ್ಟು ಎಲ್ಲ ಕೇಳಿಸಿಕೊಂಡಿದ್ದಳು. "ಇದು ಮೋಸ ಅಲ್ವಾ ಅಮ್ಮಾ?"

"ಸುಮ್ಮನೆ ಹೋಗಿ ಕೂತ್ಕೊಂಡು ಬಾರೇ. ಯಾರಾದರೂ ಕೇಳಿದರೆ ಗೊತ್ತಿದ್ದದ್ದು ಹೇಳು. ಅಷ್ಟರಲ್ಲಿ ಮೋಸ ಏನು ಬಂತು?"

ಹುಡುಗಿಗೆ ಉತ್ತರ ಒಪ್ಪಿಗೆಯಾಗಲಿಲ್ಲ. ಆದರೂ ರಜೆಯಲ್ಲಿ ಮನೆಯಲ್ಲಿ ಕೂತು ಬೇಜಾರಾಗಿತ್ತು, ಹ್ಞೂಂ ಎಂದಳು.

ಯೂನಿಫಾರ್ಮು ಬೀದಿ ಕೊನೆಯ ಇಸ್ತ್ರಿ ಅಂಗಡಿಯಿಂದ ಬಂತು. ಇಸ್ತ್ರಿಯಮ್ಮನ ಮಗಳು ಆ ಶಾಲೆಯ ಆರನೇ ತರಗತಿಯಲ್ಲೇ ಓದುತ್ತಿದ್ದಳು. ಅವಳ ಎರಡನೇ ಜೊತೆಯನ್ನು ಇಸ್ತ್ರಿಯಮ್ಮ ಗರಿಗರಿಯಾಗಿ ತೀಡಿ ಕೊಟ್ಟಳು. "ಹೆಂಗಾದರೂ ಮಾಡಿ ಸ್ಕೂಲು ಉಳಿಸ್ಕೊಳ್ಳಿ ಟೀಚರಮ್ಮಾ. ಹೆದ್ದಾರಿ ದಾಟಿ ನನ್ನ ಮಗಳನ್ನ ಒಬ್ಬಳೇ ಹೆಂಗೆ ಕಳಿಸಲಿ? ನೀವಿದ್ದೀರಿ ಅಂತಲೇ ನಾನು ಅಲ್ಲಿ ಹಾಕಿರೋದು." ಟೀಚರಮ್ಮನಿಗೆ ಬಟ್ಟೆಯ ಬಿಸಿ ಕೈಗೆ ತಾಗಿತು, ಬೇಗಬೇಗ ಮನೆಗೆ ನಡೆದಳು.

ಆ ದಿನ ಬಂದದ್ದು ಒಬ್ಬ ಮೇಲಧಿಕಾರಿ ಮೇಡಂ. ಹಿಂದಿನ ಬೆಂಚಿನಲ್ಲಿ ಕೂತು ಲೆಕ್ಕದ ಪಾಠ ನೋಡಿದರು. ಟೀಚರಮ್ಮ ಭಿನ್ನರಾಶಿಯ ಭಾಗಾಕಾರ ಬೋರ್ಡಿನ ಮೇಲೆ ಬರೆದಳು, "ಏನು ಮಾಡಬೇಕು?" ಎಂದಳು. ಐವತ್ತು ಚಿಲ್ಲರೆ ಮಕ್ಕಳು ಒಂದೇ ಉಸಿರಿಗೆ, "ಎರಡನೇದು ತಿರುಗಿಸು! ಆಮೇಲೆ ಗುಣಿಸು!" ಎಂದು ಕೂಗಿದರು. ಕಿಟಕಿಯ ಗಾಜು ಅದುರಿತು. ಹೆಡ್ಮಾಸ್ತರು ಬಾಗಿಲಲ್ಲಿ ನಿಂತು ಬೀಗಿದರು.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಸರಿ. ಯಾಕೆ ತಿರುಗಿಸಬೇಕು? ಯಾರಾದರೂ ಹೇಳ್ತೀರಾ?"

ಮಕ್ಕಳು ಬೋರ್ಡು ನೋಡಿದರು, ಟೀಚರಮ್ಮನನ್ನು ನೋಡಿದರು. ಲಾಯರಮ್ಮ ನಿಧಾನವಾಗಿ ಎದ್ದಳು.

"ಒಂದು ಬ್ರೆಡ್ಡಲ್ಲಿ ಕಾಲು ಭಾಗದ ತುಂಡು ನಾಲ್ಕು ಬರ್ತವೆ ಮೇಡಂ. ಅರ್ಧ ಬ್ರೆಡ್ಡೇ ಇದ್ದರೆ ಆ ನಾಲ್ಕರಲ್ಲಿ ಅರ್ಧ ಬರ್ತವೆ, ಅಂದರೆ ಎರಡು. ಕಾಲು ಭಾಗದಿಂದ ಭಾಗಿಸೋದೂ ನಾಲ್ಕರಿಂದ ಗುಣಿಸೋದೂ ಒಂದೇ. ಅದಕ್ಕೇ ತಿರುಗಿಸೋದು."

"ಯಾರು ಹೇಳಿಕೊಟ್ಟರಮ್ಮ ನಿಂಗೆ ಇದನ್ನ?"

"ಲೆಕ್ಕದ ಟೀಚರ್."

ಸುಳ್ಳಲ್ಲ. ಹೇಳಿಕೊಟ್ಟದ್ದು ಟೀಚರಮ್ಮನೇ. ಆದರೆ ಈ ತರಗತಿಯಲ್ಲಲ್ಲ. ಮನೆಯ ಊಟದ ಮೇಜಿನ ಮೇಲೆ, ಅನ್ನ ಬೇಯುವಷ್ಟು ಹೊತ್ತಿನಲ್ಲಿ, ನಿಜವಾದ ಬ್ರೆಡ್ಡು ಕತ್ತರಿಸಿ. ಮೇಡಂ ಎದ್ದು ಬಂದು ಟೀಚರಮ್ಮನ ಕೈ ಕುಲುಕಿದರು. ಹೆಡ್ಮಾಸ್ತರು ಕೂತ ಕಡೆ ಕೂರಲಿಲ್ಲ, ನಿಂತ ಕಡೆ ನಿಲ್ಲಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಮೇಡಂ ಜೀಪು ಹತ್ತುವಾಗ ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರು: "ದರ್ಜೆ ಆಮೇಲೆ ಹೇಳ್ತೀನಿ. ಮುಂದಿನ ತಿಂಗಳು ನಮ್ಮ ತಂಡ ಪೂರ್ತಿ ಬರತ್ತೆ, ನಿಮ್ಮ ಪಾಠ ಎಲ್ಲರೂ ನೋಡಲಿ. ಆ ಹುಡುಗಿ ಇರಲಿ. ಅವಳನ್ನ ಮತ್ತೆ ನೋಡಬೇಕು."

ಹೆಡ್ಮಾಸ್ತರ ಮುಖ ಬೆಳ್ಳಗಾಯಿತು. ಆದರೆ ದಾರಿ ಹುಡುಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ. "ಒಂದು ತಿಂಗಳು ಇಲ್ಲೇ ಬರಲಿ ಬಿಡಿ."

"ಒಂದು ದಿನ ಅಂದಿದ್ರಿ!"

"ಅಂದಿದ್ದೆ, ಇಲ್ಲ ಅಂದ್ನಾ? ಈಗ ಆ ಹುಡುಗಿ ಇಲ್ಲ ಅಂದರೆ, ಎಲ್ಲಿ ಹೋದಳು ಅಂತಾರೆ. ಇವರು ಎರವಲು ತಂದಿದ್ರು ಅಂತ ಗೊತ್ತಾದರೆ ನನ್ನ ಕುರ್ಚಿಯೂ ಹೋಗತ್ತೆ, ನಿಮ್ಮ ಕೆಲಸವೂ ಹೋಗತ್ತೆ. ಹೇಳಿ, ಏನು ಮಾಡೋಣ?"

ಇಲಿ ತಾನಾಗಿಯೇ ಬೋನಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಂತಾಗಿತ್ತು.

ಪ್ರೈವೇಟ್ ಶಾಲೆಯ ಸೀಟು ಬಿಡಲು ಗಂಡ ಸುತರಾಂ ಒಪ್ಪಲಿಲ್ಲ. ಕೊನೆಗೆ ಹುಡುಗಿಗೆ ಕಾಮಾಲೆ ಎಂದು ಹೇಳಿ ಒಂದು ತಿಂಗಳ ರಜೆ ಪಡೆದದ್ದಾಯಿತು. ಹೇಳಿ ಬಂದವನು ಅವನೇ. ಬಂದವನೇ ಚಪ್ಪಲಿಯನ್ನು ಗೋಡೆಗೆ ಒದ್ದ. "ಹುಟ್ಟಿದಾಗಿನಿಂದ ಕಾಮಾಲೆ ಕಾಣದ ಮಗೂಗೆ ನನ್ನ ಬಾಯಿಂದ ಕಾಮಾಲೆ ತರಿಸಿದೆಯಲ್ಲೇ! ಕ್ಲಾಸ್ ಟೀಚರು ಪಾಪ, ಎಣ್ಣೆ ಪದಾರ್ಥ ಕೊಡಬೇಡಿ ಅಂತ ಬೇರೆ ಹೇಳಿದರು. ತಲೆ ಎತ್ತೋಕಾಗಲಿಲ್ಲ."

"ಬಿಡ್ತು ಅನ್ನು," ಎಂದರು ಅತ್ತೆ. "ಮಗು ಮೇಲೆ ಕಾಯಿಲೆ ಹೇಳಬಾರದಿತ್ತು. ನನ್ನ ಮಂಡಿ ಇತ್ತಲ್ಲ, ಅಜ್ಜಿಗೆ ಹುಷಾರಿಲ್ಲ ಅಂದಿದ್ದರೆ ಸಾಕಿತ್ತು."

ಹೀಗೆ ಲಾಯರಮ್ಮ ಒಂದು ಶಾಲೆಯಲ್ಲಿ ಕಾಯಿಲೆಯ ಹುಡುಗಿಯಾದಳು, ಇನ್ನೊಂದರಲ್ಲಿ ಮಾದರಿ ವಿದ್ಯಾರ್ಥಿನಿಯಾದಳು. ಬೆಳಗ್ಗೆ ಹಿಂದಿನ ಓಣಿಯಿಂದ ಹೋಗಬೇಕು, ಮುಖ್ಯರಸ್ತೆಯಲ್ಲಿ ಹಳೇ ಶಾಲೆಯ ವ್ಯಾನು ಬರುತ್ತದೆ. ಸಂಜೆ ಆಟಕ್ಕೆ ಹೋಗುವ ಹಾಗಿಲ್ಲ, ಕಾಮಾಲೆಯವಳು ಸೈಕಲ್ ಹೊಡೆಯುವುದನ್ನು ಗೆಳತಿಯರು ನೋಡಿದರೆ? ಕಿಟಕಿಯ ಪರದೆ ಸರಿಸಿ ಬೀದಿ ನೋಡಿದರೂ ಟೀಚರಮ್ಮ, "ಒಳಗೆ ಬಾ, ಒಳಗೆ ಬಾ," ಎಂದು ಗದರುವಳು. ಮನೆಗೆ ಬರುತ್ತಿದ್ದವಳು ಇಸ್ತ್ರಿಯಮ್ಮನ ಮಗಳು ಒಬ್ಬಳೇ. ಬಾಯಿ ಸತ್ತ ಹುಡುಗಿ ಅದು. ಆದರೂ ಇಬ್ಬರಿಗೂ ಹೇಗೋ ಹೊಂದಿಕೆಯಾಯಿತು.

ಎರಡನೇ ವಾರ ಒಂದು ಸಂಜೆ ಟೀಚರಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಮೇಜಿನ ಹತ್ತಿರ ಮಗಳು ಬ್ರೆಡ್ಡಿನ ಮೇಲೆ ಚಾಕು ಇಟ್ಟು ಇಸ್ತ್ರಿಯಮ್ಮನ ಮಗಳಿಗೆ ಏನೋ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಬಾಯಿ ಸತ್ತ ಹುಡುಗಿ ಮನೆಯೆಲ್ಲ ಕೇಳುವ ಹಾಗೆ ಕೂಗಿತು: "ಅಯ್ಯೋ! ಇಷ್ಟೇನಾ! ಮತ್ತೆ ಟೀಚರ್ ಯಾಕೆ ಇದನ್ನ ನಮಗೆ ಹೇಳೇ ಇಲ್ಲ?"

ಸಿಪ್ಪೆ ತೆಗೆಯುತ್ತಿದ್ದ ಕೈ ನಿಂತಿತು. ಒಲೆಯ ಮುಂದಿದ್ದ ಅತ್ತೆ ಸೊಸೆಯ ಕಡೆ ನೋಡಿದರು.

ಆ ರಾತ್ರಿ ಊಟಕ್ಕೆ ಕೂತಾಗ ಗಂಡ ಮಗಳನ್ನು ಕೇಳಿದ. "ಹೇಳಮ್ಮ, ಹೇಗಿದೆ ಸರ್ಕಾರಿ ಸ್ಕೂಲು? ನಿಮ್ಮಮ್ಮ ಹೇಳೋ ಅಷ್ಟು ಹಾಳಾಗಿದೆಯಾ?"

"ಇಲ್ಲಪ್ಪ. ವಿಜ್ಞಾನದ ಮೇಷ್ಟ್ರು ಸೂಪರ್. ಕಪ್ಪೆ ತಂದು ಮೇಜಿನ ಮೇಲೆ ಬಿಟ್ಟಿದ್ರು, ಅದು ಹಾರಿ ಹೆಡ್ಮಾಸ್ತರ ಹೆಗಲ ಮೇಲೆ ಕೂತ್ಕೊಂಡಿತು. ಭಾಷೆ ಟೀಚರು ಕಥೆ ಓದಿದರೆ ಅಳು ಬರತ್ತೆ. ಟಾಯ್ಲೆಟ್ ಮಾತ್ರ ದೇವರೇ ಗತಿ. ಆಟಕ್ಕೆ ಚೆಂಡು ಒಂದೇ ಇದೆ, ಅದಕ್ಕೂ ಗಾಳಿ ಇಲ್ಲ."

"ಲೆಕ್ಕ?"

ಹುಡುಗಿ ತಟ್ಟೆ ನೋಡಿದಳು. "ಅಜ್ಜೀ, ನೀರು ಕೊಡು."

ನೀರಿನ ಲೋಟ ಅವಳ ಮುಂದೆಯೇ ಇತ್ತು. ಅತ್ತೆ ಅದಕ್ಕೇ ಇನ್ನಷ್ಟು ನೀರು ಸುರಿದರು. ಗಂಡ ಮತ್ತೆ ಕೇಳಲಿಲ್ಲ. ಎಲ್ಲದಕ್ಕೂ ಬಾಯಿ ಹಾಕುವ ಹುಡುಗಿ ಅಮ್ಮನ ಮಾನ ಉಳಿಸಲು ಬಾಯಿ ಮುಚ್ಚಿಕೊಂಡಳಲ್ಲ ಎಂದುಕೊಂಡು ಟೀಚರಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮಗಳು ಕೈತೊಳೆಯಲು ಎದ್ದದ್ದೇ ತಡ, ಅವಳು ಗಂಡನ ಮೇಲೆ ಹರಿಹಾಯ್ದಳು. "ಮಗೂನ ಬಾಯಲ್ಲಿ ನನ್ನ ಪರೀಕ್ಷೆ ಮಾಡಿಸ್ತೀರಾ? ಐವತ್ತೆಂಟು ಮಕ್ಕಳು ಒಂದು ರೂಮಲ್ಲಿ! ಒಬ್ಬೊಬ್ಬರಿಗೂ ಯಾಕೆ, ಏನು ಅಂತ ಬ್ರೆಡ್ಡು ಕೊಯ್ದು ತೋರಿಸ್ತಾ ಕೂತರೆ ಪಾಠ ಮುಗಿಯೋದು ಯಾವಾಗ? ಕೂಗಿಸಿದರೆ ಪಾಸಾದರೂ ಆಗ್ತಾರೆ."

"ನಾನೇನು ಅಂದೆ ಈಗ? ಲೆಕ್ಕ ಹೇಗಿದೆ ಅಂತ ಕೇಳಿದೆ, ಅಷ್ಟೇ. ನಾನು ರಿಪೇರಿ ಮಾಡಿದ ಲಿಫ್ಟಿಗೆ ಮೊದಲು ನಾನೇ ಹತ್ತಿ ನೋಡ್ತೀನಿ."

"ನಿಮ್ಮ ಲಿಫ್ಟಿಗೆ ಒಂದೇ ಸಲ ಐವತ್ತೆಂಟು ಜನ ಹತ್ತಿಸಿ ನೋಡಿ, ಆಮೇಲೆ ಮಾತಾಡಿ!"

"ನಿಲ್ಲಿಸ್ರೋ ಇಬ್ಬರೂ," ಎಂದರು ಅತ್ತೆ. "ಆ ಕಡೆ ಅವಳು ನಲ್ಲಿ ಬಂದ್ ಮಾಡಿಕೊಂಡು ಕೇಳಿಸ್ಕೋತಿದ್ದಾಳೆ."

ಮಾರನೇ ದಿನ ಟೀಚರಮ್ಮ ದಾರಿಯಲ್ಲಿ ಎರಡು ಬ್ರೆಡ್ಡು ಕೊಂಡಳು. ಒಳ್ಳೆಯ ಬುದ್ಧಿ ಬಂದು ಕೊಂಡಳು ಎಂದು ಹೇಳಿದರೆ ಸುಳ್ಳಾದೀತು. ಮೂರನೇ ಬೆಂಚಿನಲ್ಲಿ ಕೂತ ಮಗಳ ಎರಡು ಕಣ್ಣುಗಳ ಮುಂದೆ ಇನ್ನೊಮ್ಮೆ "ತಿರುಗಿಸು, ಗುಣಿಸು" ಎಂದು ಕೂಗಿಸಲು ಅವಳಿಗೆ ನಾಚಿಕೆಯಾಗಿತ್ತು, ಅಷ್ಟೇ. ಮೊದಲ ದಿನ ಎಡವಟ್ಟಾಯಿತು. "ಯಾಕೆ?" ಎಂದು ಕೇಳಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು, ಹಿಂದಿನ ಬೆಂಚಿನವನು ಲೆಕ್ಕ ಮುಗಿಯುವ ಮೊದಲೇ ಬ್ರೆಡ್ಡು ತಿಂದುಬಿಟ್ಟ. ಗಲಾಟೆ ಕೇಳಿ ಹೆಡ್ಮಾಸ್ತರು ಓಡಿಬಂದರು. "ಇದೇನು ಟೀಚರ್, ಸಂತೆ! ಹೀಗಾದರೆ ತಂಡದ ಮುಂದೆ ನನ್ನ ಗತಿ?" ಆದರೂ ಅವಳು ಬಿಡಲಿಲ್ಲ. ಹುಡುಗರನ್ನು ಗುಂಪು ಮಾಡಿ ಕೂರಿಸಿದಳು, ಬ್ರೆಡ್ಡಿನ ಬದಲು ಹಳೇ ಪೇಪರು ಕತ್ತರಿಸಲು ಹೇಳಿದಳು, ಗಂಟಲು ಕಿತ್ತುಹೋಗುವಷ್ಟು ಮಾತಾಡಿದಳು. ಸಂಜೆ ಮನೆಗೆ ಬಂದರೆ ಲೋಟ ಎತ್ತಲೂ ತ್ರಾಣವಿರುತ್ತಿರಲಿಲ್ಲ. ಅತ್ತೆ ಬಾಯಲ್ಲಿ ಗೊಣಗುತ್ತ ಕೈಯಲ್ಲಿ ಟೀ ಕೊಡುತ್ತಿದ್ದರು.

ವಾರ ಕಳೆಯುವುದರೊಳಗೆ ಇಸ್ತ್ರಿಯಮ್ಮನ ಮಗಳು ಒಂದು ದಿನ ತಾನಾಗಿಯೇ ಎದ್ದು ನಿಂತು, "ಟೀಚರ್, ಅದು ತಪ್ಪು," ಎಂದಳು. ಬೋರ್ಡಿನ ಮೇಲೆ ನಿಜವಾಗಿಯೂ ತಪ್ಪಿತ್ತು. ಇಡೀ ತರಗತಿ ಹೋ ಎಂದು ನಕ್ಕಿತು, ಟೀಚರಮ್ಮನೂ ನಕ್ಕಳು. ಅವಳಿಗೆ ಖುಷಿಯಾಯಿತು, ಇಲ್ಲ ಎನ್ನಬಾರದು. ಮನೆಗೆ ನಡೆಯುವಾಗ ಮಗಳು ಹಿಂದಿನ ಓಣಿಯಲ್ಲಿ ಅಮ್ಮನ ಕೈ ಹಿಡಿದುಕೊಂಡಳು.

ಅದೇ ಹೊತ್ತಿಗೆ ಲಾಯರಮ್ಮನಿಗೆ ನಿಜವಾಗಿ ಜ್ವರ ಬಂತು. "ನೋಡಿದೆಯಾ, ಬಾಯಲ್ಲಿ ಕಾಯಿಲೆ ಆಡಿದ್ದಕ್ಕೆ," ಎಂದು ಅತ್ತೆ ಮಗನಿಗೆ ಬೈದು, ಮೊಮ್ಮಗಳ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತರು. ಟೀಚರಮ್ಮ ಒಬ್ಬಳೇ ಶಾಲೆಗೆ ಹೋದಳು. ಹಿಂದಿನ ರಾತ್ರಿಯೆಲ್ಲ ಮಗಳ ಪಕ್ಕ ಎಚ್ಚರವಿದ್ದು ತಲೆ ಸಿಡಿಯುತ್ತಿತ್ತು. ಅವತ್ತು ದಶಮಾಂಶದ ಪಾಠ ಶುರುವಾಗಬೇಕಿತ್ತು.

ಸಂಜೆ ಇಸ್ತ್ರಿಯಮ್ಮನ ಮಗಳು ಹೋಮ್‌ವರ್ಕ್ ಹೇಳಲು ಬಂದಳು. ಟೀಚರಮ್ಮ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಕಿಟಕಿಯಿಂದ ಎಲ್ಲ ಕೇಳುತ್ತಿತ್ತು.

"ಇವತ್ತು ಲೆಕ್ಕದಲ್ಲಿ ಏನು ಮಾಡಿದ್ರಿ?"

"ದಶಮಾಂಶ. 'ಚುಕ್ಕೆ ಕೆಳಗೆ ಚುಕ್ಕೆ ಇಡು, ಆಮೇಲೆ ಕೂಡು.' ಹತ್ತು ಸಲ ಕೂಗಿಸಿದರು."

"ಯಾಕೆ ಚುಕ್ಕೆ ಕೆಳಗೆ ಚುಕ್ಕೆ?"

"ಅದು ಹೇಳಲಿಲ್ಲ. ಇವತ್ತು ನೀನು ಇರಲಿಲ್ವಲ್ಲ."

ಟೀಚರಮ್ಮ ಒಣಗಿದ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ತಂಡ ಬಂತು, ನೋಡಿತು, ಮೆಚ್ಚಿತು. ಲಾಯರಮ್ಮ ಅಂದು ಒಂದು ಸಲವೂ ಏಳಲಿಲ್ಲ, ಏಳುವ ಅಗತ್ಯವೂ ಬೀಳಲಿಲ್ಲ. ಬೇರೆ ಮಕ್ಕಳೇ ಎದ್ದರು. ಕೆಲವರು ತಪ್ಪು ಹೇಳಿದರು, ಇನ್ನೊಬ್ಬರು ತಿದ್ದಿದರು. ಶಾಲೆಗೆ ಮೊದಲ ದರ್ಜೆ ಬಂತು. ಮೇಡಂ, "ಇಂಥ ಟೀಚರನ್ನ ಇಲ್ಲಿಂದ ಯಾರೂ ಅಲ್ಲಾಡಿಸಬಾರದು," ಎಂದು ಎಲ್ಲರ ಮುಂದೆ ಹೇಳಿ ಹೋದರು. ಹೆಡ್ಮಾಸ್ತರು ಜೀಪಿನ ಧೂಳು ಅಡಗುವ ಮೊದಲೇ ಕಿವಿಯಲ್ಲಿ ಉಸುರಿದರು: "ಇನ್ನು ನಿಮ್ಮ ಮಗಳನ್ನ ಕರ್ಕೊಂಡು ಹೋಗಬಹುದು. ಯಾರಾದರೂ ಕೇಳಿದರೆ ಅವಳಪ್ಪನಿಗೆ ದೂರದೂರಿಗೆ ವರ್ಗ ಆಯ್ತು ಅಂದರೆ ಆಯಿತು. ಆ ಬ್ರೆಡ್ಡು ಗಿಡ್ಡು ಎಲ್ಲ ಸಾಕು ಟೀಚರ್, ಪರೀಕ್ಷೆಗೆ ಪಾಠ ಹಿಂದೆ ಬಿದ್ದಿದೆ."

ಅವತ್ತು ಮನೆಯಲ್ಲಿ ಹಬ್ಬದ ಗದ್ದಲ. ಗಂಡ ಹಳೇ ಶಾಲೆಯ ಬ್ಯಾಗನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದ. "ಸೋಮವಾರದಿಂದ ಕಾಮಾಲೆ ವಾಸಿ! ವ್ಯಾನಿನವನಿಗೂ ಹೇಳಿ ಬಂದಿದ್ದೀನಿ." ಅತ್ತೆ ಎಲ್ಲರಿಗೂ ಬಡಿಸಿ, ತಾವೂ ಕೂತರು. "ಅಂತೂ ಮಗು ಬೀದಿ ನೋಡೋ ಹಾಗಾಯ್ತು. ತಗೋ ಪುಟ್ಟಾ, ಇನ್ನೊಂದು ಮೊಟ್ಟೆ ಹಾಕ್ಕೋ."

"ನಾನು ಹೋಗಲ್ಲ," ಎಂದಳು ಹುಡುಗಿ.

"ಎಲ್ಲಿಗೆ ಹೋಗಲ್ಲ?"

"ಹಳೇ ಸ್ಕೂಲಿಗೆ."

ಗಂಡ ತುತ್ತು ತಟ್ಟೆಯಲ್ಲೇ ಬಿಟ್ಟ. "ತಲೆ ಕೆಟ್ಟಿದೆಯಾ? ಅಲ್ಲಿ ಲ್ಯಾಬಿದೆ, ಲೈಬ್ರರಿ ಇದೆ, ನಿನ್ನ ಫ್ರೆಂಡ್ಸ್ ಎಲ್ಲ ಇದ್ದಾರೆ. ಇಲ್ಲಿ ಏನಿದೆ? ಗಾಳಿ ಇಲ್ಲದ ಚೆಂಡು!"

"ನಂಗೂ ಅಲ್ಲಿಗೆ ಹೋಗಬೇಕು ಅಂತ ಆಸೆ ಇದೆ ಅಪ್ಪ." ಹುಡುಗಿಯ ಕಣ್ಣು ತುಂಬಿತ್ತು, ದನಿ ಮಾತ್ರ ನೆಟ್ಟಗಿತ್ತು. "ಆದರೆ ನಾನು ಹೋದರೆ ಅಮ್ಮ ಮತ್ತೆ ಕೂಗಿಸ್ತಾಳೆ. ನಂಗೆ ಜ್ವರ ಬಂದ ದಿನ ಕೂಗಿಸಿದಳು."

ಅತ್ತೆ ಸೌಟನ್ನು ಪಾತ್ರೆಯಲ್ಲಿ ಇಟ್ಟರು.

"ಅವತ್ತು ನಂಗೆ ನಿದ್ದೆ ಇರಲಿಲ್ಲ ಕಣೇ," ಎಂದಳು ಟೀಚರಮ್ಮ. "ನಿನ್ನ ಪಕ್ಕ ಕೂತೇ ಬೆಳಗು ಮಾಡಿದ್ದೆ."

"ಗೊತ್ತು."

"ಮತ್ತೆ?"

"ನಿಂಗೆ ಯಾವಾಗಲೂ ಸುಸ್ತಾಗತ್ತಮ್ಮ. ನಾನಿದ್ದ ದಿನಾನೂ ಸುಸ್ತಾಗತ್ತೆ, ಆದರೂ ಹೇಳಿಕೊಡ್ತೀಯ." ಹುಡುಗಿ ಅಂಗೈಯಿಂದ ಮೂಗು ಒರೆಸಿಕೊಂಡಳು. "ಒಂದೇ ಒಂದು ಮಾತು ಹೇಳು. ನಾನು ಸೋಮವಾರ ಹಳೇ ಸ್ಕೂಲಿಗೆ ಹೋದರೆ, ನೀನು ಅಲ್ಲಿ ಅವರಿಗೆ 'ಯಾಕೆ' ಅಂತ ಹೇಳಿಕೊಡ್ತೀಯಾ? ಹೌದು ಅಂದರೆ ಹೋಗ್ತೀನಿ. ಖಂಡಿತ ಹೋಗ್ತೀನಿ."

ಗಂಡ ಹೆಂಡತಿಯ ಕಡೆ ಕಣ್ಣಲ್ಲೇ ಸನ್ನೆ ಮಾಡಿದ: ಹೌದು ಅಂತ ಒಂದು ಮಾತು ಅನ್ನು, ಮುಗೀತು. ಅತ್ತೆಯೂ ಕಾದರು. ಇಲಾಖೆಯ ತಂಡದ ಮುಂದೆ ತಡವರಿಸದ ಟೀಚರಮ್ಮನಿಗೆ ಆ ಎರಡಕ್ಷರ ಬಾಯಿಗೆ ಬಂತು, ಹಲ್ಲಿನವರೆಗೂ ಬಂತು. ಎದುರಿಗೆ ಮಗಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು, ಹೌದು ಎನ್ನಲಿ ಎಂದು ಪ್ರಾಣ ಕಣ್ಣಿಗೆ ತಂದುಕೊಂಡಿದ್ದಳು. ಐವತ್ತೆಂಟು ಮಕ್ಕಳು, ಹಿಂದೆ ಬಿದ್ದ ಪಾಠ, ಬಾಗಿಲಲ್ಲಿ ನಿಲ್ಲುವ ಹೆಡ್ಮಾಸ್ತರು, ಇವೆಲ್ಲ ಬರುವ ಸೋಮವಾರವೂ ಅಲ್ಲೇ ಇರುವವೇ.

"ಗೊತ್ತಿಲ್ಲ ಕಣೇ," ಎಂದಳು ಟೀಚರಮ್ಮ.

ಹುಡುಗಿ ತಲೆಯಾಡಿಸಿದಳು. ಕೋಪ ಮಾಡಲಿಲ್ಲ, ವಾದ ಮಾಡಲಿಲ್ಲ. ಅಪ್ಪ ತೊಡೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದ ಬ್ಯಾಗನ್ನು ಒಮ್ಮೆ ನೋಡಿ, ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಹಾಗಾದರೆ ನಾನು ನಿನ್ನ ಜೊತೇನೇ ಬರ್ತೀನಿ," ಎಂದು ಹೇಳಿ, ಆರಿಹೋದ ಅನ್ನ ಕಲಸತೊಡಗಿದಳು.